ನಡುಗದ ನಡು

ನಮ್ಮ ಹಳೆಯ ಮನೆಯ ಅಡುಗೆಕೋಣೆಯಲ್ಲಿ ಒಂದು ಕಲ್ಲುಕಂಬವಿತ್ತು. ಅದಕ್ಕೆ ಮೇಲೊಂದು, ಕೆಳಗೊಂದು ಹಗ್ಗದ ಕುಣಿಕೆ. ಬೆಳಕು ಹರಿಯುವ ಮುಂಚೆ ಅಜ್ಜಿ ಆ ಎರಡು ಕುಣಿಕೆಗಳೊಳಗೆ ಕಡೆಗೋಲು ತೂರಿಸಿ, ಮೊಸರಿನ ಗಡಿಗೆಯನ್ನು ಕೆಳಗಿಟ್ಟು, ಕೋಲಿನ ನಡುವಿಗೆ ಹಗ್ಗ ಸುತ್ತಿ ಕೂರುತ್ತಿದ್ದಳು. ಕೂತ ಕೂಡಲೇ ಕಡೆಯಲು ತೊಡಗಿದ್ದನ್ನು ಮಾತ್ರ ನಾನು ನೋಡಿಲ್ಲ. ಮೊದಲು ಎರಡು ಸಲ ಮೆಲ್ಲಗೆ ಎಳೆದು ಕಿವಿಗೊಡುತ್ತಿದ್ದಳು. ಕುಣಿಕೆ ಸಡಿಲವಿದ್ದರೆ ಕೋಲು ಗಡಿಗೆಯ ಪಕ್ಕಕ್ಕೆ ಬಡಿದು ಲೊಟಲೊಟ ಎನ್ನುತ್ತಿತ್ತು. ಬಿಗಿಯಿದ್ದರೆ ಕಚ್ಚಿಕೊಂಡು ಕಿರುಗುಟ್ಟುತ್ತಿತ್ತು. ಸಡಿಲವಾದರೆ ಇನ್ನೊಂದು ಸುತ್ತು ಸುತ್ತುವುದು, ಬಿಗಿಯಾದರೆ ಗಂಟು ಸರಿಸಿ ಒಂದು ಹನಿ ನೀರು ಮುಟ್ಟಿಸುವುದು. ಸದ್ದು ಹದಕ್ಕೆ ಬಂದ ಮೇಲೇ ನಿಜವಾದ ಕೆಲಸ.

ಕನ್ನಡ ಮಜ್ಜಿಗೆಗೂ ಮರಕ್ಕೂ ಒಂದೇ ಮಾತು ಇಟ್ಟುಕೊಂಡಿದೆ: ಕಡೆಯುವುದು. ಇದು ಆಕಸ್ಮಿಕವಲ್ಲ. ಉಡುಪಿಯ ಕೃಷ್ಣ ಒಂದು ಕೈಯಲ್ಲಿ ಕಡೆಗೋಲು, ಇನ್ನೊಂದರಲ್ಲಿ ಹಗ್ಗ ಹಿಡಿದು ನಿಂತಿದ್ದಾನಲ್ಲ, ಮರ ಕಡೆಯುವ ಹಳೆಯ ತಿರುಗಣೆಗೂ ಬೇಕಾಗಿದ್ದದ್ದು ಅಷ್ಟೇ: ಎರಡು ತುದಿಯಲ್ಲಿ ಆಸರೆ, ನಡುವಿಗೆ ಸುತ್ತಿದ ಹಗ್ಗ. ಹಗ್ಗ ಎಳೆದಾಗ ಮರ ಒಂದು ಕಡೆಗೆ ತಿರುಗುತ್ತದೆ, ಬಿಟ್ಟಾಗ ಇನ್ನೊಂದು ಕಡೆಗೆ. ಉಳಿ ಕತ್ತರಿಸುವುದು ಒಂದು ದಿಕ್ಕಿನಲ್ಲಿ ಮಾತ್ರ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ನುಣುಪಾದ ಬಳೆಗಳ ಮೇಲೆ ಬಳೆ ಜೋಡಿಸಿದಂತೆ ಕಾಣುವ ಕಂಬಗಳನ್ನು ತಿರುಗಣೆ ಕಂಬಗಳೆಂದೇ ಕರೆಯುತ್ತಾರೆ. ಕಲ್ಲಾಗಲಿ ಮರವಾಗಲಿ ಮೊಸರಾಗಲಿ, ತಿರುಗುವ ವಸ್ತುವಿನ ಎರಡು ತುದಿ ಅಲುಗಬಾರದು. ಅಲ್ಲಿ ಕೂದಲೆಳೆಯಷ್ಟು ಅಲುಗಿದರೂ ನಡುವೆ ನಡುಕ ಹುಟ್ಟುತ್ತದೆ.

ಇದನ್ನು ನಾನು ಮಾತಿನಲ್ಲಿ ಕೇಳಿ ಕಲಿಯಲಿಲ್ಲ, ನಲವತ್ತು ಬಾಬಿನ್ ಕೆಡಿಸಿ ಕಲಿತೆ.

ನನ್ನ ಕೆಲಸದ ಶೆಡ್ಡು ಇರುವುದು ಶಿಡ್ಲಘಟ್ಟದ ಹತ್ತಿರ. ಸುತ್ತ ಹಿಪ್ಪುನೇರಳೆ ತೋಟ. ಊರೊಳಗೆ ಹೋದರೆ ಬೀದಿಬೀದಿಯಲ್ಲಿ ಗೂಡು ಬೇಯಿಸುವ ಹಬೆ, ರೀಲರುಗಳ ಚರಕದ ಸದ್ದು. ನಾನು ಕಡೆಯುವುದು ಮಂಚದ ಕಾಲು, ಲಟ್ಟಣಿಗೆ, ತೊಟ್ಟಿಲ ಗುಂಡು, ಮೆಟ್ಟಿಲ ಕಂಬಿ, ಬುಗುರಿ. ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರದ ಬಡಗಿಗಳು ಮರ ತಂದುಕೊಡುತ್ತಾರೆ. ಕೆಲಸ ಶುರುಮಾಡಿದ ಮೊದಲ ವರ್ಷ ರೇಷ್ಮೆ ನೂಲು ಹುರಿ ಮಾಡುವ ಒಬ್ಬರು ಹಳೆಯ ಮರದ ಬಾಬಿನ್ ಒಂದನ್ನು ಕೈಗಿತ್ತು, ಇಂಥವು ನಲವತ್ತು ಬೇಕು ಎಂದರು. ಕಡೆದುಕೊಟ್ಟೆ. ಕಣ್ಣಿಗೆ ಎಲ್ಲವೂ ಅಚ್ಚು ಹಾಕಿದ ಹಾಗಿದ್ದವು. ವಾರದೊಳಗೆ ಅಷ್ಟೂ ವಾಪಸು ಬಂದವು. ಹುರಿ ಯಂತ್ರದಲ್ಲಿ ವೇಗ ಏರಿದಂತೆ ಒಂದೊಂದೂ ನಡುಗುತ್ತಿತ್ತು, ನೂಲು ತುಂಡಾಗುತ್ತಿತ್ತು. ಅಳೆದು ನೋಡಿದರೆ ನಡುವಿನ ತೂತಿನಿಂದ ಒಂದು ಪಕ್ಕ ದಪ್ಪ, ಇನ್ನೊಂದು ಪಕ್ಕ ತೆಳು. ವ್ಯತ್ಯಾಸ ಅರ್ಧ ಮಿಲಿಮೀಟರೂ ಇರಲಿಲ್ಲ. ರೇಷ್ಮೆ ಎಳೆಗೆ ಅಷ್ಟು ಸಾಕು.

ನಾನು ಮೊದಲು ಉಳಿಯನ್ನು ದೂರಿದೆ. ಆಮೇಲೆ ಮರವನ್ನು. ಆಮೇಲೆ ನನ್ನ ಕೈಯನ್ನು. ಲೇತ್ ತಿರುಗುತ್ತಿದೆಯಲ್ಲ, ಅದಕ್ಕೇನಾಗಿದೆ ಎಂದುಕೊಂಡಿದ್ದೆ. ಮರದ ಕೆಲಸ ಕಲಿಯುವ ಹುಡುಗರು ಇವತ್ತಿಗೂ ಮಾಡುವ ತಪ್ಪು ಇದೇ. ದುಡ್ಡು ಕೂಡಿಸಿ ಒಳ್ಳೆಯ ಉಳಿ ಕೊಳ್ಳುತ್ತಾರೆ, ನಡುಗುವ ಲೇತಿನ ಮುಂದೆ ನಿಂತು ಅದನ್ನು ಹಿಡಿಯುತ್ತಾರೆ. ಸಾಣೆ ಹಿಡಿಯುವುದು ಬೇರೆಯೇ ವಿದ್ಯೆ, ಅದಕ್ಕೆ ಇನ್ನೊಂದು ಲೇಖನವೇ ಬೇಕು. ಇಲ್ಲಿ ನನ್ನ ಮಾತು ಯಂತ್ರದ ಬಗ್ಗೆ.

ನಡುಕದ ಬೆಲೆ ಏನೆಂದು ತಿಳಿಯಬೇಕಾದರೆ ಚನ್ನಪಟ್ಟಣಕ್ಕೆ ಹೋಗಬೇಕು. ಅಲ್ಲಿನ ಆಟಿಕೆಗೆ ಆಲೆ ಮರ ಬೇಕು. ಕೆಲವರು ಹಾಲೆ ಎನ್ನುತ್ತಾರೆ, ಗೀರಿದರೆ ಹಾಲು ಸುರಿಸುವ ಮರ. ಬಿಳಿಚು ಬಣ್ಣ, ಒತ್ತಾದ ನಯವಾದ ಎಳೆ. ಆಂಧ್ರದ ಏಟಿಕೊಪ್ಪಾಕದಲ್ಲಿ ಬೊಂಬೆ ಕಡೆಯುವವರೂ ಇದೇ ಮರವನ್ನು ಅಂಕುಡು ಎಂಬ ಹೆಸರಿನಲ್ಲಿ ಬಳಸುತ್ತಾರೆ. ಮರ ದುಂಡಗಾದ ಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಾರೆ. ಬೆಂಕಿ ಇಲ್ಲ, ಕುಂಚ ಇಲ್ಲ. ಉಜ್ಜಾಟದ ಕಾವಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ನಂತರ ಒಣ ತಾಳೆಗರಿಯನ್ನು ಒತ್ತಿ ಹಿಡಿದರೆ ಬಣ್ಣ ಒಂದೇ ಸಮ ಹರಡಿ ಕನ್ನಡಿಯಂತೆ ಹೊಳೆಯುತ್ತದೆ. ಈಗ ಯೋಚಿಸಿ: ಮರ ಸುತ್ತಿಗೊಮ್ಮೆ ಕಡ್ಡಿಯಿಂದ ದೂರ ಸರಿದು ಮತ್ತೆ ಬಂದು ಬಡಿದರೆ? ಒಂದು ಪಕ್ಕದಲ್ಲಿ ಅರಗು ಗಡ್ಡೆ ಕಟ್ಟುತ್ತದೆ, ಇನ್ನೊಂದು ಪಕ್ಕ ಬೋಳಾಗಿ ಉಳಿಯುತ್ತದೆ. ಮಂಚದ ಕಾಲಿನಲ್ಲಿ ನಡುಕದ ಗೆರೆಗಳನ್ನು ಉಪ್ಪುಕಾಗದದಿಂದ ಉಜ್ಜಿ ಮುಚ್ಚಬಹುದು. ಅರಗಿನ ಕೆಲಸದಲ್ಲಿ ಮುಚ್ಚಲಾಗದು. ಆ ಕುಶಲಕರ್ಮಿಗಳು ಕಡ್ಡಿ ಎತ್ತುವ ಮುಂಚೆ ಬರಿಯ ಲೇತ್ ಓಡಿಸಿ ಒಂದು ಗಳಿಗೆ ಸುಮ್ಮನೆ ನಿಲ್ಲುವುದನ್ನು ನೋಡಿದಾಗ ನನಗೆ ಅಜ್ಜಿಯ ನೆನಪಾಯಿತು.

ನಡುಕ ಹುಡುಕುವುದಕ್ಕೆ ನಾನು ಕಂಡುಕೊಂಡ ದಾರಿ ಕಳೆಯುತ್ತಾ ಹೋಗುವುದು. ಮೊದಲು ಮರ ಇಳಿಸಿ ಬರಿಯ ಲೇತ್ ಓಡಿಸಬೇಕು. ನಡುಕ ನಿಂತರೆ ತಪ್ಪು ಮರದ್ದು, ಅಥವಾ ಅದನ್ನು ಹಿಡಿಸಿದ ರೀತಿಯದ್ದು. ನಿಲ್ಲದಿದ್ದರೆ ಬೆಲ್ಟ್ ಬಿಚ್ಚಿ ಮೋಟಾರನ್ನಷ್ಟೇ ಓಡಿಸಬೇಕು. ಆಗಲೂ ನಡುಗಿದರೆ ರೋಗ ಮೋಟಾರಿನಲ್ಲಿದೆ. ಮೋಟಾರು ತಣ್ಣಗೆ ಓಡಿದರೆ ಬೆಲ್ಟು, ಪುಲ್ಲಿ, ಮರವನ್ನು ತಿರುಗಿಸುವ ಸ್ಪಿಂಡಲ್, ಈ ಮೂರರಲ್ಲಿ ಒಂದು. ಹತ್ತು ನಿಮಿಷದ ಕೆಲಸ. ಇದನ್ನು ಮಾಡದೆ ತಿಂಗಳುಗಟ್ಟಲೆ ಒದ್ದಾಡುವವರನ್ನು ನೋಡಿದ್ದೇನೆ, ನಾನೂ ಒದ್ದಾಡಿದ್ದೇನೆ.

ನೆಲದಿಂದ ಶುರುಮಾಡೋಣ. ನಮ್ಮ ಕಡೆ ಶೆಡ್ಡಿನ ನೆಲ ಅಂದರೆ ಸಾಮಾನ್ಯವಾಗಿ ಸಿಮೆಂಟು ಗಾರೆ, ಇಲ್ಲವೇ ಹೊಂದಿಕೆಯಾಗದ ಚಪ್ಪಡಿ. ಲೇತಿನ ನಾಲ್ಕು ಕಾಲಲ್ಲಿ ಒಂದು ಗಾಳಿಯಲ್ಲಿರುತ್ತದೆ. ಹೆಚ್ಚಿನವರು ಅದನ್ನು ಬೋಲ್ಟ್ ಹಾಕಿ ಬಲವಂತವಾಗಿ ನೆಲಕ್ಕೆ ಎಳೆಯುತ್ತಾರೆ. ಆಗ ಕಾಲು ಕೂರುತ್ತದೆ, ಲೇತಿನ ಉದ್ದನೆಯ ಹಾಸು, ಅಂದರೆ ಬೆಡ್ಡು, ತಿರುಚುತ್ತದೆ. ಎರಕದ ಕಬ್ಬಿಣ ತಿರುಚುವುದಿಲ್ಲ ಎಂಬುದು ಬರಿಯ ನಂಬಿಕೆ. ಮೊದಲು ರಸಮಟ್ಟವನ್ನು ಬೆಡ್ಡಿನ ಅಡ್ಡಕ್ಕೆ ಎರಡೂ ತುದಿಯಲ್ಲಿ ಇಟ್ಟು ನೋಡಿ. ಎರಡು ಕಡೆಯೂ ಗುಳ್ಳೆ ಒಂದೇ ಜಾಗದಲ್ಲಿ ನಿಲ್ಲಬೇಕು. ನಿಲ್ಲದಿದ್ದರೆ ಗಾಳಿಯಲ್ಲಿರುವ ಕಾಲಿನಡಿಗೆ ತಗಡು ಕೊಟ್ಟು, ನಂತರ ಬೋಲ್ಟ್ ಬಿಗಿಯಿರಿ.

ಇನ್ನು ತೂಕ. ಈಗ ಬರುವ ಹಗುರ ಲೇತ್‌ಗಳ ಸ್ಟ್ಯಾಂಡು ತಗಡಿನದು, ಒರಟು ಮರ ಹಾಕಿದರೆ ಯಂತ್ರವೇ ಕುಣಿಯುತ್ತದೆ. ನಮ್ಮ ಜಿಲ್ಲೆಯಲ್ಲಿ ಕಲ್ಲಿಗೆ ಬರವಿಲ್ಲ. ನಾನು ಸ್ಟ್ಯಾಂಡಿನ ಕೆಳಗೆ ಅಡ್ಡಪಟ್ಟಿ ಕೊಟ್ಟು ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಮೂರು ಇಂಚು ದಪ್ಪದ ಗ್ರಾನೈಟ್ ಚಪ್ಪಡಿ ಕೂರಿಸಿದ್ದೇನೆ. ಅಂಥ ಒಂದು ಕಲ್ಲು ಸುಮಾರು 85 ಕಿಲೋ ತೂಗುತ್ತದೆ. ಕಲ್ಲಿಗೂ ಕಬ್ಬಿಣಕ್ಕೂ ನಡುವೆ ಹಳೆಯ ಟೈರಿನ ಟ್ಯೂಬ್ ತುಂಡು. ಅವತ್ತು ಲೇತಿನ ದನಿಯೇ ಬದಲಾಯಿತು, ಖಾಲಿ ಡಬ್ಬದ ಸದ್ದು ಹೋಗಿ ಬೀಸುಕಲ್ಲಿನ ಗಂಭೀರ ಸದ್ದು ಬಂತು.

ಸ್ಪಿಂಡಲ್ ಹೊತ್ತಿರುವ ಬೇರಿಂಗುಗಳೇ ಅಜ್ಜಿಯ ಕುಣಿಕೆಗಳು. ಬೆಲ್ಟ್ ತೆಗೆದು ಸ್ಪಿಂಡಲನ್ನು ಬೆರಳಲ್ಲಿ ಮೆಲ್ಲಗೆ ತಿರುಗಿಸಿ. ಒಳ್ಳೆಯ ಬೇರಿಂಗ್ ಎಣ್ಣೆಯಲ್ಲಿ ತೇಲಿದಂತೆ ತಿರುಗುತ್ತದೆ, ಸವೆದದ್ದು ಮರಳು ಅಗಿದಂತೆ ಬೆರಳಿಗೆ ತಾಗುತ್ತದೆ. ಆಮೇಲೆ ಸ್ಪಿಂಡಲ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಟಕ್ ಎಂದರೆ ಆಟ ಇದೆ. ಓಡುವಾಗ ಕೇಳಬೇಕೆಂದರೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ ಕೂತಿರುವ ಹೊರಮೈಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ತಾಗಿಸಿ. ಡಾಕ್ಟರ ಸ್ಟೆತಸ್ಕೋಪಿನಷ್ಟೇ ಸ್ಪಷ್ಟ. ತಿರುಗುವ ಭಾಗಗಳಿಂದ ದೂರ ನಿಂತೇ ಇದನ್ನು ಮಾಡಬೇಕು.

ಬೇರಿಂಗ್ ಬದಲಿಸಲು ಅಂಗಡಿಗೆ ಹೋಗುವ ಮುನ್ನ ಅದರ ಮೇಲಿನ ನಂಬರನ್ನು ಓದುವುದು ಕಲಿಯಬೇಕು. ನನ್ನ ಲೇತಿನದು 6205. ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳಗಿನ ತೂತಿನ ಅಳತೆ, 25 ಮಿ.ಮೀ. ಹೊರಗೆ 52, ಅಗಲ 15. ಅದರ ಮುಂದೆ ಜಡ್‌ಜಡ್ ಎಂದಿದ್ದರೆ ಎರಡೂ ಕಡೆ ತಗಡಿನ ಮುಚ್ಚಳ, ಟೂ ಆರ್‌ಎಸ್ ಎಂದಿದ್ದರೆ ರಬ್ಬರಿನ ಮುಚ್ಚಳ. ಮರದ ಪುಡಿಯ ನಡುವೆ ಬದುಕುವ ಬೇರಿಂಗಿಗೆ ರಬ್ಬರಿನದೇ ಸರಿ. ಮುಚ್ಚಳವಿರುವ ಬೇರಿಂಗಿಗೆ ಮೇಲಿಂದ ಎಣ್ಣೆ ಬಿಡಬಾರದು. ಒಳಗಿನ ಗ್ರೀಸು ತೊಳೆದುಹೋಗಿ, ಪುಡಿ ಅಂಟಿ ಅಂಬಲಿಯಾಗುತ್ತದೆ. ಮುಚ್ಚಳವಿಲ್ಲದ ಹಳೆಯ ಮಾದರಿಗೆ ಗ್ರೀಸು ತುಂಬುವಾಗ ಖಾಲಿ ಜಾಗದ ಮೂರನೇ ಒಂದು ಭಾಗ ಸಾಕು. ಬಂಡಿಯ ಕೀಲಿಗೆ ಕೀಲೆಣ್ಣೆ ಸುರಿದಂತೆ ಇಲ್ಲಿ ಸುರಿದರೆ ಬೇರಿಂಗ್ ಬಿಸಿಯಾಗುತ್ತದೆ. ಸ್ಪಿಂಡಲಿಗೆ ಹೊಸ ಬೇರಿಂಗ್ ಏರಿಸುವಾಗ ಒಳಬಳೆಗೆ ಹೊಂದುವ ಪೈಪಿನ ತುಂಡಿಟ್ಟು ಅದರ ಮೇಲೆ ಮಾತ್ರ ತಟ್ಟಬೇಕು. ಹೊರಬಳೆಗೆ ಬಿದ್ದ ಒಂದು ಸುತ್ತಿಗೆ ಏಟು ಗುಂಡುಗಳ ದಾರಿಯಲ್ಲಿ ಹಳ್ಳ ಬೀಳಿಸುತ್ತದೆ. ಬೇರಿಂಗ್ ಹೊಸದು, ಸದ್ದು ಹಳೆಯದು ಎಂದು ಗೊಣಗುವವರಲ್ಲಿ ಬಹಳ ಮಂದಿ ಕೂರಿಸುವಾಗಲೇ ಅದನ್ನು ಕೊಂದಿರುತ್ತಾರೆ.

ಈಗ ನನ್ನ ನಲವತ್ತು ಬಾಬಿನ್‌ಗಳ ಕಥೆಗೆ ಬರುತ್ತೇನೆ. ಸ್ಪಿಂಡಲಿನ ಬಾಯಲ್ಲಿ ಒಳಗೆ ಹೋಗುತ್ತಾ ಕಿರಿದಾಗುವ ಒಂದು ರಂಧ್ರವಿರುತ್ತದೆ. ಅದಕ್ಕೆ ಮೋರ್ಸ್ ಟೇಪರ್ ಎಂದು ಹೆಸರು. 1864ರಲ್ಲಿ ಅಮೆರಿಕದ ಸ್ಟೀಫನ್ ಮೋರ್ಸ್ ರೂಪಿಸಿದ್ದು. ಮರದ ಲೇತ್‌ಗಳಲ್ಲಿ ಹೆಚ್ಚಾಗಿ ಕಾಣುವ ಎರಡನೇ ನಂಬರಿನ ಟೇಪರಿನ ಇಳಿಜಾರು ಸುಮಾರು 20ಕ್ಕೆ 1. ಬೋಲ್ಟಿಲ್ಲ, ಕೀಲಿಲ್ಲ. ಉಕ್ಕಿಗೆ ಉಕ್ಕು ಮೈತುಂಬ ಅಪ್ಪಿಕೊಳ್ಳುವುದರಿಂದಲೇ ಹಿಡಿತ. ಮೈತುಂಬ ಎಂಬುದೇ ಇಲ್ಲಿ ಮುಖ್ಯ. ನನ್ನ ಲೇತಿನ ಆ ರಂಧ್ರದ ಗೋಡೆಗೆ ಸಿಲ್ವರ್ ಓಕಿನ ತೆಳ್ಳನೆಯ ಸಿಪ್ಪೆಯೊಂದು ಒತ್ತಿ ಒತ್ತಿ ಅಂಟಿನಂತೆ ಹತ್ತಿಕೊಂಡಿತ್ತು. ಬಾಬಿನ್ ಸಿಕ್ಕಿಸುವ ಉಕ್ಕಿನ ಕಡ್ಡಿ ಅದರ ಮೇಲೆ ಓರೆಯಾಗಿ ಕೂತು ತಿರುಗುವಾಗ ಓಲಾಡುತ್ತಿತ್ತು. ಹೊರಮೈ ಎಷ್ಟು ದುಂಡಗೆ ಕಡೆದರೂ ತೂತು ಅದರ ನಡುವಿಗೆ ಬಾರದು. ಬ್ಯಾಟರಿ ಬಿಟ್ಟು ನೋಡಿದಾಗ ಕಂಡಿತು. ಕಡ್ಡಿಗೆ ಬಟ್ಟೆ ಸುತ್ತಿ ಸೀಮೆಎಣ್ಣೆಯಲ್ಲಿ ಅದ್ದಿ ಒರೆಸಿದೆ, ಬಿಟ್ಟುಬಂತು. ಅಂಗೈ ಮೇಲಿಟ್ಟುಕೊಂಡರೆ ಉಸಿರಿಗೆ ಹಾರಿಹೋಗುವಷ್ಟು ಹಗುರ. ಆವತ್ತಿನಿಂದ ಮರವನ್ನು ಹಿಡಿಯುವ ಮೊನೆ, ಅಂದರೆ ಸೆಂಟರ್, ಹಾಕುವ ಮುನ್ನ ಪ್ರತಿ ಸಲವೂ ಟೇಪರನ್ನು ಒರೆಸುತ್ತೇನೆ. ಲೇತ್ ನಿಂತಿರುವಾಗ, ಬಟ್ಟೆ ಸುತ್ತಿದ ಕಡ್ಡಿಯಿಂದ. ಬೆರಳಿನಿಂದಲ್ಲ.

ಎದುರು ತುದಿಯ ಟೇಲ್‌ಸ್ಟಾಕ್ ಅನ್ನೂ ಹೀಗೆಯೇ ಅನುಮಾನಿಸಬೇಕು. ಎರಡು ಸೆಂಟರುಗಳ ಮೊನೆಯನ್ನು ಹತ್ತಿರ ತಂದು ನಡುವೆ ಒಂದು ಗಡ್ಡ ಕೆರೆಯುವ ಬ್ಲೇಡನ್ನು ಮೆಲ್ಲಗೆ ಸಿಕ್ಕಿಸಿ. ಬ್ಲೇಡು ನೆಟ್ಟಗೆ ನಿಂತರೆ ಮೊನೆಗಳು ಎದುರುಬದುರು ಇವೆ. ಮೇಲಕ್ಕೋ ಪಕ್ಕಕ್ಕೋ ವಾಲಿದರೆ, ಯಾವ ಕಡೆಗೆ ತಪ್ಪಿದೆ ಎಂಬುದನ್ನೂ ಆ ವಾಲಿಕೆಯೇ ಹೇಳುತ್ತದೆ. ಟೇಲ್‌ಸ್ಟಾಕ್ ತಗ್ಗಿದ್ದರೆ ಅಡಿಗೆ ತಗಡು ಕೊಡಬೇಕು. ಆ ಬ್ಲೇಡೇ ಆದೀತು, ದಪ್ಪ ಸುಮಾರು 0.1 ಮಿ.ಮೀ. ತಂಪು ಪಾನೀಯದ ಡಬ್ಬಿಯ ತಗಡೂ ಹೆಚ್ಚುಕಮ್ಮಿ ಅಷ್ಟೇ. ಆದರೆ ತಗಡು ಕೊಡುವ ಮುಂಚೆ ಬೆಡ್ಡನ್ನೂ ಟೇಲ್‌ಸ್ಟಾಕಿನ ಅಡಿಯನ್ನೂ ಒರೆಸಿ ಮತ್ತೊಮ್ಮೆ ನೋಡಿ. ಅರ್ಧಕ್ಕರ್ಧ ಸಲ ಮಟ್ಟ ತಪ್ಪಿಸುತ್ತಿರುವುದು ಅಂಟಿದ ಹೊಟ್ಟೇ. ತಾನೂ ತಿರುಗುವ ಸೆಂಟರ್ ಇಲ್ಲದೆ ಬರಿಯ ಮೊನೆಯ ಸೆಂಟರ್ ಬಳಸುವವರು ಮರದ ತುದಿಗೆ ಮೇಣವೋ ಹರಳೆಣ್ಣೆಯೋ ಮುಟ್ಟಿಸಬೇಕು. ಸುಟ್ಟ ವಾಸನೆ ಬಂತೆಂದರೆ ತಡವಾಯಿತು ಎಂದೇ ಅರ್ಥ.

ಬೆಲ್ಟಿನ ವಿಷಯದಲ್ಲಿ ಶಿಡ್ಲಘಟ್ಟ ನನಗೊಂದು ಉಪಕರಣ ಕೊಟ್ಟಿದೆ, ಹುರಿ ಮಾಡಿದ ರೇಷ್ಮೆ ನೂಲು. ಮೋಟಾರಿನ ಪುಲ್ಲಿಯೂ ಸ್ಪಿಂಡಲಿನ ಪುಲ್ಲಿಯೂ ಒಂದೇ ಸಾಲಿನಲ್ಲಿವೆಯೇ ಎಂದು ನೋಡಲು ಎರಡರ ಮುಖಕ್ಕೆ ತಾಗುವಂತೆ ನೂಲು ಎಳೆದು ಹಿಡಿಯಬೇಕು. ಎರಡು ಪುಲ್ಲಿಗಳ ಎರಡೆರಡು ಅಂಚು, ಒಟ್ಟು ನಾಲ್ಕು ಕಡೆ ತಾಗಿದರೆ ಸರಿ. ಮೂರೇ ಕಡೆ ತಾಗಿದರೆ ಒಂದು ಪುಲ್ಲಿ ಓರೆ. ಗೋಣಿದಾರದಲ್ಲಿ ಇದು ತಿಳಿಯದು, ಅದರ ದಪ್ಪವೇ ಸುಳ್ಳು ಹೇಳುತ್ತದೆ. ರೇಷ್ಮೆ ಸುಳ್ಳು ಹೇಳುವುದಿಲ್ಲ. ಬೆಲ್ಟಿನ ಬಿಗಿ ಹೆಬ್ಬೆರಳಿಗೆ ಗೊತ್ತಾಗಬೇಕು. ಪುಲ್ಲಿಗಳ ನಡುವೆ ಒಂದೂವರೆ ಅಡಿ ಅಂತರವಿದ್ದರೆ ಒತ್ತಿದಾಗ ಕಾಲು ಇಂಚಿನಷ್ಟು ಒಳಹೋದರೆ ಹದ. ಇನ್ನೂ ಬಿಗಿದರೆ ಬೇರಿಂಗ್ ಅನುಭವಿಸುತ್ತದೆ. ತಿಂಗಳುಗಟ್ಟಲೆ ಬಿಗಿಯಾಗಿಯೇ ನಿಂತ ಬೆಲ್ಟು ಪುಲ್ಲಿ ಸುತ್ತಿದ ಜಾಗದಲ್ಲಿ ಬಾಗು ಹಿಡಿಯುತ್ತದೆ, ಓಡುವಾಗ ಸುತ್ತಿಗೊಮ್ಮೆ ದಡ್ ಎನ್ನುತ್ತದೆ. ಮದುವೆ ಕಾಲದಲ್ಲಿ ಮಂಚದ ಕೆಲಸ ಸಾಲುಗಟ್ಟಿ ಬಂದು ಆಮೇಲೆ ಲೇತ್ ಸುಮ್ಮನೆ ನಿಲ್ಲುವ ನಮ್ಮಂಥ ಊರುಗಳಲ್ಲಿ ಇದು ಸಾಮಾನ್ಯ. ಕೆಲಸವಿಲ್ಲದ ತಿಂಗಳಲ್ಲಿ ಬೆಲ್ಟ್ ಸಡಿಲಿಸಿಡಿ.

ವೇಗದ ಲೆಕ್ಕ ಬಾಯಿಲೆಕ್ಕದಲ್ಲೇ ಆಗುತ್ತದೆ. ನಮ್ಮಲ್ಲಿ ಸಿಗುವ ಮೋಟಾರು ಹೆಚ್ಚಾಗಿ ನಿಮಿಷಕ್ಕೆ 1,440 ಸುತ್ತಿನದು. ಮೋಟಾರಿನಲ್ಲಿ ಮೂರು ಇಂಚಿನ ಪುಲ್ಲಿ, ಸ್ಪಿಂಡಲಿನಲ್ಲಿ ನಾಲ್ಕೂವರೆ ಇಂಚಿನದಿದ್ದರೆ ಮರ 960 ಸುತ್ತು ತಿರುಗುತ್ತದೆ. ಅದಲುಬದಲು ಮಾಡಿದರೆ 2,160. ಮರದ ದಪ್ಪವನ್ನು ಇಂಚಿನಲ್ಲಿ ಅಳೆದು ಸುತ್ತಿನಿಂದ ಗುಣಿಸಿದಾಗ 6,000ದಿಂದ 9,000ದೊಳಗೆ ಇರಲಿ ಎಂಬುದು ಕಡೆಯುವವರ ರೂಢಿಯ ಲೆಕ್ಕ. ಮೂರು ಇಂಚಿನ ಮಂಚದ ಕಾಲಿಗೆ 2,000 ಸುತ್ತು ಒಪ್ಪುತ್ತದೆ. ಆದರೆ ಅದು ದುಂಡಗಾದ ಮೇಲೆ. ಚೌಕ ಮರವನ್ನು, ಅದರಲ್ಲೂ ಒಂದು ಪಕ್ಕ ತಿರುಳು ಒಂದು ಪಕ್ಕ ಬಿಳಿಮರ ಇರುವುದನ್ನು ಮೊದಲ ಸಲ ಓಡಿಸುವಾಗ ಅರ್ಧಕ್ಕಿಂತ ಕಡಿಮೆ ವೇಗವಿರಬೇಕು. ಸ್ವಿಚ್ ಒತ್ತುವ ಮುಂಚೆ ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಉಳಿ ಆನಿಸುವ ಟೂಲ್ ರೆಸ್ಟಿಗೆ ತಾಗುವುದಿಲ್ಲ ಎಂದು ನೋಡಿಕೊಳ್ಳಬೇಕು. ಹೆಗಲ ಮೇಲಿನ ಟವಲು, ದುಪ್ಪಟ್ಟಾ, ಕೈಗವಸು ಮೂರೂ ಶೆಡ್ಡಿನ ಹೊರಗೇ ಇರಲಿ. ಈ ಮಾತಿನಲ್ಲಿ ರಿಯಾಯಿತಿ ಇಲ್ಲ.

ಕರೆಂಟು ಬೇರೆಯೇ ಕಾಟ. ಬೇಸಿಗೆಯಲ್ಲಿ ಸುತ್ತಲಿನ ಕೊಳವೆಬಾವಿಗಳ ಪಂಪುಸೆಟ್ಟೆಲ್ಲ ಒಟ್ಟಿಗೆ ಎದ್ದಾಗ ಶೆಡ್ಡಿನ ಬಲ್ಬು ಮಂಕಾಗುತ್ತದೆ. ಮೋಟಾರಿನ ತಿರುಗಿಸುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ವೋಲ್ಟ್ ಇರಬೇಕಾದಲ್ಲಿ 180 ಇದ್ದರೆ ಬಲ ಶೇಕಡಾ 60ರ ಆಸುಪಾಸಿಗೆ ಬೀಳುತ್ತದೆ. ಆಗ ಉಳಿ ಒತ್ತಿದ ಕೂಡಲೇ ಲೇತ್ ಏದುಸಿರು ಬಿಡುತ್ತದೆ. ಬೆಲ್ಟು ಜಾರುತ್ತಿದೆ ಎಂದುಕೊಂಡು ಇನ್ನಷ್ಟು ಬಿಗಿದವರು ಬೇರಿಂಗನ್ನೂ ಕಳೆದುಕೊಳ್ಳುತ್ತಾರೆ. ಗೋಡೆಗೊಂದು ವೋಲ್ಟ್ ಮೀಟರ್ ಹಾಕಿಕೊಂಡರೆ ಈ ಗೊಂದಲ ತಪ್ಪುತ್ತದೆ. 200ಕ್ಕಿಂತ ಇಳಿದರೆ ನಾನು ಒರಟು ಕೆಲಸ ನಿಲ್ಲಿಸಿ ಉಳಿ ಮಸೆಯಲು ಕೂರುತ್ತೇನೆ. ಸ್ವಿಚ್ ಹಾಕಿದಾಗ ಮೋಟಾರು ಗುಂಯ್ ಎಂದು ತಿರುಗದೆ ನಿಂತರೆ ಬಹುಮಟ್ಟಿಗೆ ಕೆಪಾಸಿಟರ್ ಹೋಗಿರುತ್ತದೆ. ಕೂಡಲೇ ಆರಿಸಿ, ಕಾಯಿಲ್ ಸುಡುವವರೆಗೆ ಕಾಯಬೇಡಿ.

ಟೂಲ್ ರೆಸ್ಟನ್ನು ಯಾರೂ ಯಂತ್ರವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಉಳಿ ಜಾರುವ ಆ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಬಿದ್ದರೂ ಉಳಿ ಅಲ್ಲಿ ತಡೆದು ಮುಂದೆ ಹಾರುತ್ತದೆ, ಆ ಗೆರೆ ಮರದ ಮೇಲೆ ಮೂಡುತ್ತದೆ. ಆರು ತಿಂಗಳಿಗೊಮ್ಮೆ ಅರದಿಂದ ನಯಮಾಡಿ, ಮೇಣದಬತ್ತಿ ತೀಡಿದರೆ ಕೈ ಹಗುರವಾಗಿ ಸರಿಯುತ್ತದೆ. ಬೆಡ್ಡಿಗೂ ಮೇಣವೇ ಆಗಬೇಕು. ಎಣ್ಣೆ ಸವರಿದರೆ ನಮ್ಮ ಕೆಮ್ಮಣ್ಣಿನ ಧೂಳೂ ಮರದ ಹೊಟ್ಟೂ ಕಲೆತು ಸಾಣೆಯ ಪುಡಿಯಂತೆ ಕಬ್ಬಿಣವನ್ನೇ ತಿನ್ನುತ್ತದೆ. ಹಸಿ ಹುಣಸೆ ಮರ ಕಡೆದ ದಿನ ಸಂಜೆಯೇ ಒರೆಸದಿದ್ದರೆ ಬೆಳಗಿಗೆ ಬೆಡ್ಡಿನ ಮೇಲೆ ಕಪ್ಪು ಕಲೆ. ಹಿಪ್ಪುನೇರಳೆ ಅಷ್ಟು ಕಾಡುವುದಿಲ್ಲ. ನೀರಿನ ಅಭಾವದಿಂದ ಇಲ್ಲಿನ ರೈತರು ಹಿಪ್ಪುನೇರಳೆಯನ್ನು ಗಿಡವಾಗಿ ಅಲ್ಲದೆ ಮರವಾಗಿ ಬೆಳೆಸತೊಡಗಿದ್ದಾರೆ. ಹಾಕಿ ಕೋಲಿಗೆ ಹೆಸರಾದ, ಬಾಗಿದರೂ ಮುರಿಯದ ಮರ ಅದು. ಸೊಪ್ಪಿಗೆಂದು ಬೆಳೆಸಿ ಕೊನೆಗೆ ಒಲೆಗೆ ಹಾಕುವ ಬೊಡ್ಡೆಗಳಿಂದ ನಾನು ಬುಗುರಿ ಕಡೆದಿದ್ದೇನೆ. ಹಳದಿ ಮೈ, ಗಟ್ಟಿ ಎಳೆ, ಉಳಿಗೆ ಒಲಿಯುವ ಗುಣ. ಅದನ್ನು ಸುಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ವರ್ಷಕ್ಕೊಂದು ದಿನ ನಮ್ಮ ಕಡೆಯ ಊರುಗಳ ಎಲ್ಲ ಯಂತ್ರಗಳೂ ನಿಲ್ಲುತ್ತವೆ, ಆಯುಧಪೂಜೆ. ಹಿಂದಿನ ದಿನವೇ ನಾನು ಬೆಲ್ಟ್ ಬಿಚ್ಚಿ, ಸ್ಪಿಂಡಲ್ ಕೈಯಲ್ಲಿ ತಿರುಗಿಸಿ, ಮೊನೆಗಳ ನಡುವೆ ಬ್ಲೇಡು ಇಟ್ಟು, ರೇಷ್ಮೆ ನೂಲು ಹಿಡಿದು, ಕಂಡದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಪೂಜೆಯ ದಿನ ಅರಿಸಿನ ಕುಂಕುಮವನ್ನು ಸ್ಪಿಂಡಲ್ ಹೊತ್ತ, ಬಣ್ಣ ಬಳಿದ ಹೆಡ್‌ಸ್ಟಾಕಿಗೆ ಇಡಿ. ಬರಿಯ ಬೆಡ್ಡಿನ ಮೇಲೆ ಹೋಳು ಮಾಡಿದ ನಿಂಬೆಹಣ್ಣು ಇಡಬೇಡಿ, ಅದರ ಹುಳಿ ರಾತ್ರಿ ಕಳೆಯುವುದರೊಳಗೆ ಕಬ್ಬಿಣವನ್ನು ಕಚ್ಚುತ್ತದೆ. ಬಾಳೆಲೆಯ ಚೂರಿನ ಮೇಲಿಟ್ಟರೆ ಪೂಜೆಗೂ ಕೊರತೆಯಿಲ್ಲ.

ಮರುದಿನ ವಿಜಯದಶಮಿಗೆ ಲೇತ್ ಓಡಿಸಿ, ಹೆಡ್‌ಸ್ಟಾಕಿನ ಮೇಲೆ ಒಂದು ರೂಪಾಯಿ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸುತ್ತೇನೆ. ಬಿದ್ದರೆ ಮತ್ತೆ ಹುಡುಕಾಟ. ನಿಂತರೆ ಮೊದಲ ಕೆಲಸ ಪ್ರತಿ ವರ್ಷವೂ ಒಂದೇ. ಹಿಪ್ಪುನೇರಳೆಯ ಒಂದು ತುಂಡು ತೆಗೆದು ಕಡೆಗೋಲು ಕಡೆಯುತ್ತೇನೆ. ಹೋದ ವರ್ಷದ್ದನ್ನು ಗೌರಿಬಿದನೂರಿನಿಂದ ಮರ ತರುವ ಬಡಗಿಯೊಬ್ಬರು ಕೇಳಿ ಒಯ್ದರು. ಅವರ ಮನೆಯ ಕಂಬದಲ್ಲಿ ಇನ್ನೂ ಎರಡು ಕುಣಿಕೆಗಳಿವೆಯಂತೆ.